ಬಾಲ್‌ರೂಮಿನಲ್ಲಿ ಹೊಗಳುವುದನ್ನು ಕಲಿತದ್ದು

ನ್ಯೂಯಾರ್ಕಿನಲ್ಲಿ ವೋಗಿಂಗ್ ನೃತ್ಯದ ತರಗತಿಗೆ ಸೇರಿದಾಗ ಹೆಜ್ಜೆಗಳನ್ನು ಕಲಿಸಲು ಶಿಕ್ಷಕರಿದ್ದರು. ‘ಬಾಲ್’ ಎಂಬ ನೃತ್ಯ, ನಡಿಗೆ, ವೇಷಗಳ ಸ್ಪರ್ಧೆ ನಡೆಯುವ ಸಭಾಂಗಣದಲ್ಲಿ ನಿಂತು ಇತರರನ್ನು ಹೊಗಳುವುದನ್ನು ಮಾತ್ರ ನಾನು ನೋಡಿ, ಕೇಳಿಯೇ ಕಲಿಯಬೇಕಾಯಿತು. ‘ಸ್ಲೇ’, ‘ಯಾಸ್’, ‘ವರ್ಕ್’ ಎಂಬ ಉದ್ಗಾರಗಳು 2009ರಲ್ಲಿ ಆರಂಭವಾದ ‘ರೂಪಾಲ್ಸ್ ಡ್ರ್ಯಾಗ್ ರೇಸ್’ ಎಂಬ ಟಿವಿ ಕಾರ್ಯಕ್ರಮದಿಂದಲೂ ಇನ್‌ಸ್ಟಾಗ್ರಾಮಿನಿಂದಲೂ ಈಗ ಎಲ್ಲರ ಬಾಯಿಗೆ ಬಂದಿವೆ, ಮತ್ತು ಹೊರಗಿನವರಿಗೆ ಅವೆಲ್ಲ ‘ಸೂಪರ್’ ಎಂಬುದಕ್ಕೆ ಸಮ. ಬಾಲ್‌ನಲ್ಲಿ ಪ್ರತಿ ಹೊಗಳಿಕೆಗೂ ಅದರದೇ ಸಮಯವಿದೆ, ಕೆಲವಕ್ಕೆ ಅರ್ಹತೆಯ ನಿಯಮವೂ ಇದೆ.

ನಾನು ಮೊದಲು ತಾಳವನ್ನು ಹಿಡಿದೆ. ವೋಗಿಂಗ್‌ನ ಒಂದು ಶೈಲಿಯಾದ ವೋಗ್ ಫೆಮ್ ಸ್ಪರ್ಧೆಗಳಲ್ಲಿ ಇಂದಿಗೂ ಕೇಳಿಬರುವ, ಮಾಸ್ಟರ್ಸ್ ಅಟ್ ವರ್ಕ್ ಎಂಬ ಸಂಗೀತಗಾರರ ಜೋಡಿ 1991ರಲ್ಲಿ ಹೊರತಂದ ‘ದ ಹಾ ಡಾನ್ಸ್’ ಹಾಡಿನಲ್ಲಿ ಪ್ರತಿ ನಾಲ್ಕನೆಯ ಬಡಿತಕ್ಕೆ ‘ಹಾ’ ಎಂಬ ದೊಡ್ಡ ಸದ್ದು ಅಪ್ಪಳಿಸುತ್ತದೆ. ನರ್ತಕರು ಬೆನ್ನು ಬಾಗಿಸಿ ನೆಲಕ್ಕೆ ಬೀಳುವ ‘ಡಿಪ್’ ಆ ಸದ್ದಿನ ಮೇಲೆಯೇ ಬರಬೇಕು. ಚೆಂಡೆಯ ಪೆಟ್ಟಿಗೆ ವೇಷಧಾರಿಯ ಹೆಜ್ಜೆ ಬೀಳುವಂತೆ. ಪ್ರೇಕ್ಷಕರ ಕೂಗು, ಗಾಳಿಯಲ್ಲಿ ಮೇಲಿಂದ ಕೆಳಕ್ಕೆ ಬೀಸುವ ಕೈ ಎರಡೂ ಅದೇ ಕ್ಷಣಕ್ಕೆ ಬೀಳುತ್ತವೆ. ಆದ್ದರಿಂದ ನಾನು ಬಾಯಿ ತೆರೆಯದೆ ಬಡಿತಗಳನ್ನು ಎಣಿಸುತ್ತ, ಪಕ್ಕದಲ್ಲಿದ್ದ ಹಳಬರ ಕೈಯನ್ನೇ ಗಮನಿಸುತ್ತ ನಿಂತೆ. ಕೂಗು ತಡವಾದರೆ ಅದು ಮುಂದಿನ ಚಲನೆಯ ಮೇಲೆ ಬೀಳುತ್ತದೆ.

ಆಮೇಲೆ ವಿಭಾಗಗಳನ್ನು ಅರಿತುಕೊಂಡೆ. ‘ಸರ್ವ್’ ಎಂದರೆ ಬಡಿಸುವುದು. ‘ಫೇಸ್’ ವಿಭಾಗದಲ್ಲಿ ಮುಖವನ್ನು, ‘ರನ್‌ವೇ’ಯಲ್ಲಿ ನಡಿಗೆಯನ್ನು ಬಡಿಸುತ್ತಾರೆ. ಏನನ್ನು ಬಡಿಸಲಾಗುತ್ತಿದೆಯೋ ಅದನ್ನೇ ಹೆಸರಿಸಿ ಕೂಗುವುದು ಅಲ್ಲಿನ ಕ್ರಮ. ‘ಟೆನ್ಸ್ ಅಕ್ರಾಸ್ ದ ಬೋರ್ಡ್’ ಮೂಲದಲ್ಲಿ ಹೊಗಳಿಕೆಯೇ ಅಲ್ಲ, ತೀರ್ಪು: ಎಲ್ಲ ತೀರ್ಪುಗಾರರಿಂದಲೂ ಹತ್ತು ಅಂಕ ಪಡೆದವರು ಮಾತ್ರ ಮುಂದಿನ ಸುತ್ತಿಗೆ ಹೋಗುತ್ತಾರೆ, ಒಬ್ಬರು ‘ಚಾಪ್’ ಕೊಟ್ಟು ತಿರಸ್ಕರಿಸಿದರೂ ಸ್ಪರ್ಧಿ ಅಲ್ಲಿಗೇ ನಿಲ್ಲಬೇಕಾಗುತ್ತದೆ.

ನನಗೆ ಹೆಚ್ಚು ಕಾಲ ಹಿಡಿದದ್ದು ‘ಮದರ್’ ಮತ್ತು ‘ಲೆಜೆಂಡರಿ’. ಡ್ರ್ಯಾಗ್ ಸೌಂದರ್ಯ ಸ್ಪರ್ಧೆಗಳ ವರ್ಣಭೇದವನ್ನು ಬಹಿರಂಗವಾಗಿ ಪ್ರತಿಭಟಿಸಿದ ಡ್ರ್ಯಾಗ್ ಕಲಾವಿದೆ ಕ್ರಿಸ್ಟಲ್ ಲಬೇಜಾ 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ‘ಹೌಸ್ ಆಫ್ ಲಬೇಜಾ’ವನ್ನು ಕಟ್ಟಿದ ಮೇಲೆ, ಕಪ್ಪು ಮತ್ತು ಲ್ಯಾಟಿನೊ ಸಮುದಾಯಗಳ ಗೇ ಹಾಗೂ ಟ್ರಾನ್ಸ್ ಯುವಜನರಿಗೆ ಇಂಥ ‘ಹೌಸ್’ಗಳು ಕುಟುಂಬಗಳಾದವು. ಮನೆಯಿಂದ ಹೊರದೂಡಲ್ಪಟ್ಟವರನ್ನು ಸಾಕಿದವರೇ ಅಲ್ಲಿ ಮದರ್. ಗಾಯಕಿಯೊಬ್ಬಳು ಚೆಂದದ ಉಡುಪು ತೊಟ್ಟ ಮಾತ್ರಕ್ಕೆ ಆಕೆಯನ್ನು ಹಾಗೆನ್ನುವುದು ನನಗೆ ಇಂದಿಗೂ ಅಗ್ಗವೆನಿಸುತ್ತದೆ. ‘ಲೆಜೆಂಡರಿ’ಯಾದರೂ ವರ್ಷಗಟ್ಟಲೆ ಗೆದ್ದವರಿಗೆ ಸಮುದಾಯ ವಿಧಿವತ್ತಾಗಿ ಕೊಡುವ ಪದವಿ, ಅದರ ಮೇಲಿನದು ‘ಐಕಾನ್’.

ಹೀಗಾಗಿ ಹೊಸಬರು ಕಣಕ್ಕಿಳಿದಾಗ ನಾನು ಬಿರುದುಗಳ ಗೋಜಿಗೆ ಹೋಗದೆ, ಕಮೆಂಟೇಟರ್ ಘೋಷಿಸುವ ಅವರ ಹೆಸರನ್ನೂ ಹೌಸಿನ ಹೆಸರನ್ನೂ ಕಿವಿಗೊಟ್ಟು ಕೇಳಿ, ಬಡಿತಕ್ಕೆ ಸರಿಯಾಗಿ ಅವನ್ನೇ ಕೂಗುತ್ತೇನೆ.