ಲಾರಿ ಚಾಲಕರು ಕೆಲಸ ಬದಲಿಸುವ ಮುನ್ನ ಹಾಕಬೇಕಾದ ಲೆಕ್ಕ

ಕೆಲಸ ಬಿಟ್ಟುಬಿಡಬೇಕೆಂಬ ಯೋಚನೆ ಲಾರಿ ಚಾಲಕರಿಗೆ ಬರುವುದು ಸಾಮಾನ್ಯವಾಗಿ ಗೋದಾಮಿನ ಗೇಟಿನ ಮುಂದೆ, ಸರತಿಯಲ್ಲಿ ನಿಂತು ಅರ್ಧ ದಿನ ಕಳೆದ ಮೇಲೆ. ಆ ಹೊತ್ತಿಗೆ ಪಕ್ಕದ ಲಾರಿಯವರು ತಮ್ಮ ಕಂಪನಿಯಲ್ಲಿ ಕಿಲೋಮೀಟರಿಗೆ ಹೆಚ್ಚು ಕೊಡುತ್ತಾರೆಂದು ಹೇಳಿದರೆ ತೀರ್ಮಾನ ಅಲ್ಲೇ ಮುಗಿದುಹೋಗುತ್ತದೆ. ಸಿಟ್ಟು ನ್ಯಾಯವಾದದ್ದೇ ಇರಬಹುದು, ಆದರೆ ಆ ಸಿಟ್ಟಿಗೆ ಕಾರಣ ಈಗಿನ ಮಾಲೀಕರೋ, ಆ ಗೋದಾಮೋ, ಇಲ್ಲವೇ ಈ ಕಸುಬೇ ಹಾಗೆಯೋ ಎಂಬುದು ಅಲ್ಲಿ ನಿಂತಾಗ ತಿಳಿಯುವುದಿಲ್ಲ. ಅದನ್ನು ತಿಳಿಯಲು ಒಂದು ಪೂರ್ತಿ ತಿಂಗಳು ಬೇಕು. ಜೊತೆಗೆ ಜೇಬಿನಲ್ಲಿ ಹಿಡಿಸುವ ಒಂದು ನೋಟ್‌ಬುಕ್ ಬೇಕು.

ಪ್ರತಿ ಟ್ರಿಪ್ಪಿಗೂ ಈ ನೋಟ್‌ಬುಕ್ಕಿನಲ್ಲಿ ಒಂದು ಪುಟವಿರಲಿ. ಗಾಡಿ ಹತ್ತಿದ ಹೊತ್ತು, ಲೋಡಿಂಗ್ ಗೇಟಿಗೆ ತಲುಪಿದ ಹೊತ್ತು, ಒಳಗೆ ಬಿಟ್ಟ ಹೊತ್ತು, ಸಹಿಯಾದ ಕಾಗದ ಕೈಗೆ ಬಂದ ಹೊತ್ತು, ಇವು ಬೇರೆ ಬೇರೆಯಾಗಿ ಇರಬೇಕು. ಮೀಟರಿನ ಅಂಕಿ ಹೊರಡುವಾಗ ಎಷ್ಟಿತ್ತು, ತಲುಪಿದಾಗ ಎಷ್ಟಾಯಿತು, ಅದರಲ್ಲಿ ಖಾಲಿ ಓಡಿದ್ದು ಎಷ್ಟು ಎಂಬುದನ್ನು ಬರೆಯಿರಿ. ಎಷ್ಟು ಗಂಟೆ ನಿದ್ದೆ ಮಾಡಿದಿರಿ ಎಂಬುದನ್ನೂ ಬರೆಯಿರಿ, ಸೀಟಿನಲ್ಲಿ ಒರಗಿ ಕಣ್ಣು ಮುಚ್ಚಿದ್ದನ್ನು ನಿದ್ದೆಗೆ ಸೇರಿಸಬೇಡಿ. ಉದಾಹರಣೆಗೆ ಒಂದು ಪುಟ ಹೀಗಿರಬಹುದು: ‘ಗೇಟು ಬೆಳಿಗ್ಗೆ 6.20. ಒಳಗೆ 1.45. ಲೋಡ್ ಮುಗಿದದ್ದು 3.10. ಬಿಲ್ ಸಿಕ್ಕಿದ್ದು 4.30. ಓಡಿಸಿದ್ದು ಸೊನ್ನೆ.’ ಹತ್ತು ಗಂಟೆ ಹತ್ತು ನಿಮಿಷ ಕಳೆದಿದೆ, ಕಿಲೋಮೀಟರ್ ಲೆಕ್ಕದಲ್ಲಿ ಒಂದು ಕಾಸೂ ಹುಟ್ಟಿಲ್ಲ. ಇಂತಹ ಪುಟಗಳು ತಿಂಗಳಿಗೆ ಎಷ್ಟು ಬರುತ್ತವೆ ಎಂಬುದರಲ್ಲಿಯೇ ಅರ್ಧ ಉತ್ತರವಿದೆ.

ಹೋಲಿಸಬೇಕಾದದ್ದು ಕಿಲೋಮೀಟರಿನ ದರವನ್ನಲ್ಲ, ಕೆಲಸದಲ್ಲಿ ಕಳೆದ ಒಂದೊಂದು ಗಂಟೆಗೆ ಎಷ್ಟು ಬೀಳುತ್ತದೆ ಎಂಬುದನ್ನು. ಈಗಿನ ಕೆಲಸದಲ್ಲಿ 900 ಕಿಲೋಮೀಟರಿನ ಒಂದು ಟ್ರಿಪ್ ಇದೆಯೆಂದುಕೊಳ್ಳೋಣ. ಸರಾಸರಿ ಗಂಟೆಗೆ 45 ಕಿಲೋಮೀಟರಿನಂತೆ ಓಡಿಸಿದರೆ ಸ್ಟಿಯರಿಂಗ್ ಹಿಡಿದದ್ದು 20 ಗಂಟೆ. ಲೋಡಿಂಗ್, ಅನ್‌ಲೋಡಿಂಗ್ ಎರಡೂ ಸೇರಿ ಕಾದದ್ದು 6 ಗಂಟೆ. ಅಂದರೆ 26 ಗಂಟೆಗೆ 900 ಕಿಲೋಮೀಟರಿನ ಕೂಲಿ. ಗಂಟೆಗೆ ಸುಮಾರು 34.6 ಕಿಲೋಮೀಟರಿನ ಹಣ. ಹೊಸ ಕಂಪನಿ ಕಿಲೋಮೀಟರಿಗೆ ನೂರಕ್ಕೆ ಹತ್ತು ಹೆಚ್ಚು ಕೊಡುತ್ತದೆ, ಆದರೆ ಅದರ ಗಿರಾಕಿಗಳ ಗೋದಾಮುಗಳಲ್ಲಿ ಅಷ್ಟೇ ದೂರದ ಟ್ರಿಪ್ಪಿಗೆ 16 ಗಂಟೆ ಕಾಯಬೇಕು. ಆಗ ಈಗಿನ ದರದಲ್ಲಿ 990 ಕಿಲೋಮೀಟರಿಗೆ ಸಮನಾದ ಹಣ 36 ಗಂಟೆಗೆ ಹಂಚಿಹೋಗಿ, ಗಂಟೆಗೆ 27.5 ಕಿಲೋಮೀಟರಿನ ಹಣಕ್ಕೆ ಇಳಿಯುತ್ತದೆ. ದರ ಹತ್ತನೇ ಒಂದು ಭಾಗ ಏರಿದರೂ ದುಡಿಮೆಯ ಬೆಲೆ ಐದನೇ ಒಂದು ಭಾಗದಷ್ಟು ಬಿದ್ದಿದೆ. ಕಾಯುವ ಹೊತ್ತಿಗೂ ಹಣ ಕೊಡುವ ಕಂಪನಿಯಾದರೆ ಈ ಲೆಕ್ಕ ಪೂರ್ತಿ ತಿರುಗಿಬಿಡಬಹುದು. ಆದ್ದರಿಂದ ‘ಕಾದ ಗಂಟೆಗೆ ಏನು ಕೊಡುತ್ತೀರಿ, ಎಷ್ಟನೇ ಗಂಟೆಯಿಂದ ಕೊಡುತ್ತೀರಿ’ ಎಂಬ ಪ್ರಶ್ನೆಯನ್ನು ದರಕ್ಕಿಂತ ಮೊದಲೇ ಕೇಳುವುದು ಒಳ್ಳೆಯದು.

ದರದ ಒಳಗೂ ಕೆಲವು ಸುಳಿಗಳಿವೆ. ಕೆಲವರು ಮೀಟರಿನಲ್ಲಿ ಓಡಿದಷ್ಟಕ್ಕೆ ಹಣ ಕೊಡುತ್ತಾರೆ. ಕೆಲವರು ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿಯ ದೂರವನ್ನು ಮಾತ್ರ ಹಿಡಿಯುತ್ತಾರೆ, ಆ ದಾರಿಯಲ್ಲಿ ಭಾರದ ಗಾಡಿಗೆ ಪ್ರವೇಶವೇ ಇಲ್ಲದಿದ್ದರೂ ಲೆಕ್ಕ ಮಾತ್ರ ಅದರದ್ದೇ. ಖಾಲಿ ಓಟಕ್ಕೆ ಕಡಿಮೆ ದರವಿದೆಯೇ, ವಾಪಸ್ ಲೋಡ್ ಸಿಗದಿದ್ದರೆ ಆ ದಿನಗಳು ಯಾರ ತಲೆಯ ಮೇಲೆ ಬೀಳುತ್ತವೆ, ಡೀಸೆಲ್ ಹೆಚ್ಚು ಕುಡಿದರೆ, ಟೈರ್ ಒಡೆದರೆ, ಸರಕು ಕಡಿಮೆ ಬಂದರೆ, ದಂಡ ಬಿದ್ದರೆ ಸಂಬಳದಿಂದ ಕಡಿತವಾಗುತ್ತದೆಯೇ ಎಂಬುದನ್ನೆಲ್ಲ ಸೇರಿಸಿದ ಮೇಲೆ ಉಳಿಯುವ ಅಂಕಿಯೇ ನಿಜವಾದ ಸಂಬಳ. ಸೇರುವಾಗಲೇ ದೊಡ್ಡ ಮೊತ್ತ ಕೊಡುತ್ತೇವೆನ್ನುವವರ ಬಗ್ಗೆ ನನಗೆ ವಿಶೇಷ ಅನುಮಾನ. ಅದು ಕಂತಿನಲ್ಲಿ ಬರುವುದೋ, ವರ್ಷದೊಳಗೆ ಬಿಟ್ಟರೆ ಮರಳಿ ಕಟ್ಟಬೇಕೋ ಎಂದು ಓದಿನೋಡಬೇಕು. ಮರಳಿ ಕಟ್ಟಬೇಕಾದದ್ದಾದರೆ ಅದು ಬಹುಮಾನವಲ್ಲ, ಸಾಲ. ಮುಂಗಡಕ್ಕೂ ಇದೇ ಮಾತು ಅನ್ವಯಿಸುತ್ತದೆ.

ತಿಂಗಳ ಕೊನೆಯಲ್ಲಿ ನೋಟ್‌ಬುಕ್ಕಿನ ದೂರುಗಳನ್ನೆಲ್ಲ ಮುಂದಿಟ್ಟುಕೊಂಡು, ಕಂಪನಿ ಬದಲಾದರೆ ಇವುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೆನ್ನಟ್ಟಿ ಬರುತ್ತದೆ ಎಂದು ವಿಂಗಡಿಸಿ. ರಸ್ತೆಯ ದಟ್ಟಣೆ, ರಾತ್ರಿ ನಿಲ್ಲಿಸಲು ಜಾಗವಿಲ್ಲದಿರುವುದು, ಗೋದಾಮಿನವರ ಒರಟು ಮಾತು, ಇವು ಎಲ್ಲಿಗೆ ಹೋದರೂ ಇರುತ್ತವೆ. ಸಂಬಳ ತಡವಾಗುವುದು, ಹೇಳಿದ ದಿನ ಮನೆಗೆ ಬಿಡದಿರುವುದು, ಬರೆದುಕೊಟ್ಟ ರಿಪೇರಿ ಮಾಡಿಸದಿರುವುದು, ಮಿತಿ ಮೀರಿ ಭಾರ ಹೇರುವುದು ಕಂಪನಿಯ ದೋಷಗಳು. ಮೂರನೆಯ ಬಗೆಯ ದೂರುಗಳೂ ಇವೆ: ವಾರಗಟ್ಟಲೆ ಹೊರಗಿರಲು ಮನಸ್ಸಿಲ್ಲ, ಸೊಂಟ ಕೇಳುತ್ತಿಲ್ಲ, ರಾತ್ರಿ ಕಣ್ಣು ನಿಲ್ಲುತ್ತಿಲ್ಲ. ಇವುಗಳಿಗೆ ಬದಲಿಸಬೇಕಾದದ್ದು ಕಂಪನಿಯಲ್ಲ, ಕೆಲಸದ ಬಗೆ. ದೂರದ ಓಟ ಬಿಟ್ಟು ಊರೊಳಗಿನ ಸರಬರಾಜಿಗೋ, ಹಗಲಿನ ಗೊತ್ತಾದ ಮಾರ್ಗಕ್ಕೋ ಹೋಗಬೇಕಾಗುತ್ತದೆ. ಅಲ್ಲಿ ಹಣ ಕಡಿಮೆಯಾಗಬಹುದು, ದಿನಕ್ಕೆ ಹತ್ತಾರು ಸಲ ಇಳಿದು ಹತ್ತುವ, ಇಕ್ಕಟ್ಟಿನಲ್ಲಿ ಹಿಂದಕ್ಕೆ ತೆಗೆಯುವ ಶ್ರಮ ಹೆಚ್ಚಾಗಬಹುದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಒಂದು ವಿಷಯದಲ್ಲಿ ಮಾತ್ರ ತಿಂಗಳು ಕಾಯಬೇಕಾಗಿಲ್ಲ. ನಿದ್ದೆಗೆಟ್ಟು ಓಡಿಸುವಂತೆ ಒತ್ತಾಯಿಸುವ ಜಾಗ, ಸಂಬಳ ಎಷ್ಟೇ ಇರಲಿ, ಬಿಡಬೇಕಾದ ಜಾಗ. ಸತತ 17 ಗಂಟೆ ಎಚ್ಚರವಿದ್ದವರ ಕೈ ಕಣ್ಣು, ರಕ್ತದಲ್ಲಿ ಶೇಕಡ 0.05 ಮದ್ಯಾಂಶ ಇರುವವರಷ್ಟೇ ನಿಧಾನವಾಗುತ್ತವೆ. ಮಧ್ಯರಾತ್ರಿ ಕಳೆದ ಮೇಲೆ, ಬೆಳಗಿನ ಜಾವದವರೆಗೆ, ದೇಹ ತಾನಾಗಿಯೇ ಮಂಕಾಗುತ್ತದೆ. ಎಷ್ಟು ಓಡಿಸುವುದು ಸರಿ ಎನ್ನುವುದಕ್ಕೆ ಅಳತೆ ಬೇಕಿದ್ದರೆ ಕಾನೂನುಗಳಲ್ಲಿ ಸಿಗುತ್ತದೆ. ಯುರೋಪಿನ ಒಕ್ಕೂಟದ ನಿಯಮದಂತೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಬೇಕು, ದಿನದ ಚಾಲನೆ ಸಾಮಾನ್ಯವಾಗಿ 9 ಗಂಟೆ ಮೀರಬಾರದು. ಅಮೆರಿಕದಲ್ಲಿ ಸರಕು ಲಾರಿಯವರು 10 ಗಂಟೆ ಬಿಡುವಿನ ನಂತರ, 14 ಗಂಟೆಗಳ ಅವಧಿಯೊಳಗೆ 11 ಗಂಟೆಯಷ್ಟೇ ಓಡಿಸಬಹುದು. ಭಾರತದಲ್ಲಿ 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬರುವವರೆಗೆ ಇದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಸಾಮಾನ್ಯ ಮಿತಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯಾಗಿತ್ತು. ನಿಮ್ಮ ನೋಟ್‌ಬುಕ್ಕಿನ ಗಂಟೆಗಳನ್ನು ನಿಮಗೆ ಅನ್ವಯವಾಗುವ ಮಿತಿಯ ಪಕ್ಕದಲ್ಲಿಟ್ಟು ನೋಡಿ. ದಾಖಲೆಯಲ್ಲಿ ಗಂಟೆಗಳನ್ನು ತಿದ್ದಿ ಬರೆಯಲು ಹೇಳುವವರಿದ್ದರೆ, ನಾಳೆ ಅಪಘಾತವಾದಾಗ ಸಹಿ ನಿಮ್ಮದೇ ಇರುತ್ತದೆ ಎಂಬುದು ನೆನಪಿರಲಿ.

ಹೊಸ ಕಂಪನಿಯನ್ನು ಪರೀಕ್ಷಿಸಲು ಕಚೇರಿಗಿಂತ ಯಾರ್ಡ್ ಒಳ್ಳೆಯ ಜಾಗ. ಹೊರಡಲು ಸಿದ್ಧವಾಗಿ ನಿಂತ ಗಾಡಿಗಳ ನಡುವೆ ಹತ್ತು ನಿಮಿಷ ಓಡಾಡಿ. ಮುಂದಿನ ಟೈರಿನ ಒಂದೇ ಅಂಚು ಸವೆದಿದ್ದರೆ ಚಕ್ರಗಳ ಅಲೈನ್‌ಮೆಂಟನ್ನು ಯಾರೂ ನೋಡಿಲ್ಲ. ಹಿಂದಿನ ಜೋಡಿ ಟೈರುಗಳಲ್ಲಿ ಒಂದು ಹೊಸದು, ಒಂದು ಬೋಳು ಇದ್ದರೆ ಭಾರವೆಲ್ಲ ಒಂದರ ಮೇಲೆಯೇ ಬೀಳುತ್ತಿದೆ. ಅನುಮತಿ ಸಿಕ್ಕರೆ ಹತ್ತಿ ಕುಳಿತು, ಇಂಜಿನ್ ಆರಿಸಿ, ಬ್ರೇಕ್ ಪೆಡಲನ್ನು ಒತ್ತಿ ಹಿಡಿದು ಒಂದು ನಿಮಿಷ ಬ್ರೇಕಿನ ಗಾಳಿಯ ಒತ್ತಡ ತೋರಿಸುವ ಗೇಜನ್ನು ನೋಡಿ. ಒತ್ತಿದಾಗ ಸೂಜಿ ಒಮ್ಮೆ ಇಳಿದು ಅಲ್ಲೇ ನಿಲ್ಲಬೇಕು. ಸುಸ್ಸೆಂಬ ಸದ್ದಿನೊಂದಿಗೆ ಇಳಿಯುತ್ತಲೇ ಹೋದರೆ ಎಲ್ಲೋ ಸೋರುತ್ತಿದೆ. ಏರ್ ಟ್ಯಾಂಕಿನ ಕೆಳಗಿನ ಕವಾಟ ಎಳೆದಾಗ ಎಣ್ಣೆ ಬೆರೆತ ನೀರು ಸುರಿದರೆ, ದಿನವೂ ಮಾಡಬೇಕಾದ ಕೆಲಸವನ್ನೇ ಮಾಡುತ್ತಿಲ್ಲವೆಂದು ತಿಳಿಯಬೇಕು. ಸೀಟಿನ ಸ್ಥಿತಿಯನ್ನು ಹಗುರವಾಗಿ ಕಾಣಬೇಡಿ, ವರ್ಷಗಟ್ಟಲೆ ಅದರ ಅದುರುವಿಕೆಯನ್ನು ಹೊರುವುದು ನಿಮ್ಮ ಬೆನ್ನು.

ಸರಕಿನ ಬಗೆ ಬದಲಾಗುವುದಾದರೆ ಇನ್ನಷ್ಟು ಎಚ್ಚರ ಬೇಕು. ಟ್ಯಾಂಕರಿನಲ್ಲಿ ದ್ರವ ಅರ್ಧ ತುಂಬಿದ್ದಾಗ ಪೂರ್ತಿ ತುಂಬಿದ್ದಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ; ಬ್ರೇಕ್ ಹಾಕಿ ಗಾಡಿ ನಿಂತ ಮೇಲೂ ಒಳಗಿನ ಅಲೆ ಬಂದು ಮುಂದಕ್ಕೆ ತಳ್ಳುತ್ತದೆ. ಹಾಲಿನಂತಹ ಆಹಾರದ ಟ್ಯಾಂಕರುಗಳಲ್ಲಿ ತೊಳೆಯಲು ಅನುಕೂಲವಾಗಲೆಂದು ಒಳಗೆ ತಡೆಗೋಡೆಗಳನ್ನು ಇಡದಿರುವುದೇ ಹೆಚ್ಚಾದ್ದರಿಂದ ಅವುಗಳಲ್ಲಿ ಈ ತಳ್ಳಾಟ ಇನ್ನೂ ಜೋರು. ರೆಫ್ರಿಜರೇಟರ್ ಗಾಡಿಯ ಯಂತ್ರ ಮಲಗಿದಾಗಲೂ ತಲೆಯ ಹಿಂದೆ ಓಡುತ್ತಿರುತ್ತದೆ, ಉಷ್ಣಾಂಶ ತಪ್ಪಿದರೆ ಇಡೀ ಲೋಡನ್ನೇ ತಿರಸ್ಕರಿಸುತ್ತಾರೆ. ಇಂತಹ ಗಾಡಿಗೆ ತರಬೇತಿ ಕೊಡುತ್ತಾರೆಯೇ, ಅನುಭವಸ್ಥರ ಜೊತೆ ಎಷ್ಟು ಟ್ರಿಪ್ ಕಳಿಸುತ್ತಾರೆ ಎಂದು ಕೇಳಿ. ‘ಓಡಿಸುತ್ತಾ ಕಲಿತುಕೊಳ್ಳಿ’ ಎಂದರೆ ಬೇರೆ ಕಂಪನಿ ಹುಡುಕುವುದು ಮೇಲು.

ಅಲ್ಲಿನ ಚಾಲಕರನ್ನು ವಿಚಾರಿಸುವಾಗ ‘ಕಂಪನಿ ಹೇಗಿದೆ’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರವೇ ಬರುತ್ತದೆ. ಕಳೆದ ತಿಂಗಳ ಸಂಬಳ ಯಾವ ತಾರೀಖಿಗೆ ಬಂತು, ಕೊನೆಯ ಸಲ ಮನೆಗೆ ಹೋದದ್ದು ಯಾವಾಗ, ದಾರಿಯಲ್ಲಿ ಗಾಡಿ ಕೆಟ್ಟಾಗ ಮೆಕ್ಯಾನಿಕ್ ಎಷ್ಟು ಹೊತ್ತಿಗೆ ಬಂದರು, ನಿಮಗಿಂತ ಮೊದಲು ಈ ಗಾಡಿ ಓಡಿಸುತ್ತಿದ್ದವರು ಏಕೆ ಬಿಟ್ಟರು ಎಂದು ಕೇಳಿ. ಇಬ್ಬರು ಮೂವರು ಒಂದೇ ಉತ್ತರ ಕೊಟ್ಟರೆ ನಂಬಬಹುದು.

ಇಷ್ಟಾದ ಮೇಲೆ ಈಗಿನ ಮಾಲೀಕರ ಬಳಿ ಒಮ್ಮೆ ಮಾತನಾಡುವುದು ಲಾಭದಾಯಕ. ‘ಸಂಬಳ ಸಾಲದು’ ಎಂಬ ಮಾತನ್ನು ಅವರು ದಿನವೂ ಕೇಳುತ್ತಾರೆ. ‘ಈ ತಿಂಗಳು ಇದೇ ಗೋದಾಮಿನಲ್ಲಿ 41 ಗಂಟೆ ಕಾದಿದ್ದೇನೆ’ ಎಂದು ಪುಟ ತೋರಿಸಿದರೆ, ಆ ಗಿರಾಕಿಯ ಬಳಿ ವಾದಿಸಲು ಅವರಿಗೂ ಒಂದು ಆಧಾರ ಸಿಗುತ್ತದೆ. ಉತ್ತರ ಸಿಗದಿದ್ದರೆ, ಹೊಸ ಕೆಲಸದ ಷರತ್ತುಗಳು ಬರಹದಲ್ಲಿ ಕೈಗೆ ಬಂದ ಮೇಲೆಯೇ ರಾಜೀನಾಮೆ ಕೊಡಿ. ಸರಕು ತುಂಬಿದ ಗಾಡಿಯನ್ನು ನಡುದಾರಿಯಲ್ಲಿ ಬಿಟ್ಟು ಹೋಗಬೇಡಿ. ಆ ಸುದ್ದಿ ನಿಮಗಿಂತ ಮೊದಲು ಮುಂದಿನ ಯಾರ್ಡ್ ತಲುಪುತ್ತದೆ. ಗಾಡಿ ಒಪ್ಪಿಸುವ ದಿನ ಮೀಟರ್, ಟೈರ್ ನಂಬರುಗಳು, ಸ್ಟೆಪ್ನಿ, ಜಾಕ್, ಟಾರ್ಪಾಲ್, ಡೀಸೆಲ್ ಮಟ್ಟ ಎಲ್ಲದರ ಫೋಟೊ ತೆಗೆದು, ಪಟ್ಟಿಗೆ ಸಹಿ ಹಾಕಿಸಿಕೊಂಡು, ಬಾಕಿ ಸಂಬಳ ಮತ್ತು ಮುಂಗಡದ ಲೆಕ್ಕ ತೀರಿದ ಕಾಗದವನ್ನೂ ಅನುಭವ ಪತ್ರವನ್ನೂ ಅಂದೇ ಕೇಳಿ ಪಡೆಯಿರಿ. ಹೊಸ ಗಾಡಿ ಹತ್ತಿದ ಮೊದಲ ದಿನದಿಂದಲೇ ಅದೇ ನೋಟ್‌ಬುಕ್ಕಿನಲ್ಲಿ, ಹಳೆಯ ಪುಟಗಳ ಮುಂದಿನ ಪುಟದಿಂದ, ಗೇಟು ತಲುಪಿದ ಹೊತ್ತನ್ನು ಬರೆಯುತ್ತಾ ಹೋಗಿ.