ಹೋಸ್ಟಿಂಗ್ ಬದಲಿಸುವ ಮುನ್ನ ಹೊಸ ಸರ್ವರ್‌ನಲ್ಲಿ ಸೈಟ್ ನೋಡುವುದು ಹೇಗೆ?

ವೆಬ್‌ಸೈಟನ್ನು ಹೊಸ ಹೋಸ್ಟಿಂಗ್‌ಗೆ ಸಾಗಿಸಿದ್ದೀರಾ? ಡಿಎನ್‌ಎಸ್ (ಡೊಮೇನ್ ಹೆಸರನ್ನು ಸರ್ವರ್‌ನ ಐಪಿ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ) ಮುಟ್ಟುವ ಮುಂಚೆ ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ ಒಂದು ಸಾಲು ಸೇರಿಸಿ: ಮೊದಲು ಹೊಸ ಸರ್ವರ್‌ನ ಐಪಿ (203.0.113.10 ತರಹ), ಒಂದು ಸ್ಪೇಸ್, ನಿಮ್ಮ ಡೊಮೇನ್ ಹೆಸರು. ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರನ್ನೂ ಅದೇ ಸಾಲಿನಲ್ಲಿ ಹಾಕಿ. ಈಗ ಬ್ರೌಸರ್ ಮುಚ್ಚಿ ತೆರೆದರೆ ನಿಮಗೆ ಮಾತ್ರ ಹೊಸ ಸರ್ವರ್‌ನ ಸೈಟ್ ಕಾಣುತ್ತದೆ, ಉಳಿದವರಿಗೆ ಹಳೆಯದೇ. ಕಂಪ್ಯೂಟರ್ ಡಿಎನ್‌ಎಸ್ ಕೇಳುವ ಮೊದಲು ಈ ಫೈಲನ್ನೇ ನೋಡುತ್ತದೆ, ಅದಕ್ಕೇ ಇದು ನಡೆಯುತ್ತದೆ. ಸುಮ್ನೆ ಐಪಿಯನ್ನೇ ಬ್ರೌಸರಿನಲ್ಲಿ ಹಾಕಿದರೆ ಆಗಲ್ವಾ? ಶೇರ್ಡ್ ಹೋಸ್ಟಿಂಗ್‌ನಲ್ಲಿ ಆಗುವುದಿಲ್ಲ. ಅಲ್ಲಿ ಒಂದೇ ಐಪಿಯಲ್ಲಿ ನೂರಾರು ಸೈಟ್ ಇರಬಹುದು, ಯಾವುದನ್ನು ಕೊಡಬೇಕು ಎಂದು ಸರ್ವರ್ ತೀರ್ಮಾನಿಸುವುದು ಹೆಸರು ನೋಡಿ. ವಿಂಡೋಸ್‌ನಲ್ಲಿ ಈ ಫೈಲ್ ಸಿಸ್ಟಮ್32 ಒಳಗಿನ ಡ್ರೈವರ್ಸ್, ಅದರೊಳಗಿನ ಇಟಿಸಿ ಫೋಲ್ಡರಿನಲ್ಲಿದೆ. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದಿದ್ದರೆ ಸೇವ್ ಆಗುವುದಿಲ್ಲ. ಫೈಲಿನ ಹೆಸರಿನ ಕೊನೆಗೆ .txt ಅಂಟಿಕೊಂಡರೂ ಕೆಲಸ ಮಾಡಲ್ಲ, ಇದು ಜಾಸ್ತಿ ಜನರನ್ನು ಕಾಡುವ ತೊಂದರೆ. ಆಫೀಸಿನ ಪ್ರಾಕ್ಸಿ (ನಿಮ್ಮ ಪರವಾಗಿ ಸೈಟ್ ತಂದುಕೊಡುವ ನಡುವಿನ ಸರ್ವರ್) ಮೂಲಕ ಹೋಗುತ್ತಿದ್ದರೆ ಈ ಉಪಾಯ ಫಲಿಸುವುದಿಲ್ಲ, ಹೆಸರು ಹುಡುಕುವುದು ಪ್ರಾಕ್ಸಿಯೇ. ಫೋನಿನಲ್ಲೂ ರೂಟ್ ಮಾಡದೆ (ಸಿಸ್ಟಮ್ ಫೈಲ್ ತಿದ್ದುವ ಪೂರ್ಣ ಅನುಮತಿ ಪಡೆಯದೆ) ಹೋಸ್ಟ್ಸ್ ಫೈಲ್ ತಿದ್ದಲು ಆಗದು. ಹೊಸ ಸರ್ವರ್‌ನಲ್ಲಿ ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕದ ಪ್ರಮಾಣಪತ್ರ) ಇನ್ನೂ ಹಾಕಿಲ್ಲ ಎಂದರೆ ಬ್ರೌಸರ್ ಎಚ್ಚರಿಕೆ ತೋರಿಸುತ್ತದೆ, ಗಾಬರಿ ಬೇಡ. ಕ್ಲೌಡ್‌ಫ್ಲೇರ್ (ಸೈಟ್ ಮತ್ತು ನೋಡುಗರ ನಡುವೆ ನಿಲ್ಲುವ ಸೇವೆ) ಬಳಸುವವರು ಅದರ ಐಪಿ ಅಲ್ಲ, ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಕಾಣುವ ಸರ್ವರ್ ಐಪಿಯನ್ನೇ ಹಾಕಬೇಕು. ಪರೀಕ್ಷೆ ಮುಗಿದ ಕೂಡಲೇ ಆ ಸಾಲು ಅಳಿಸಿಬಿಡಿ.