ಏರ್‌ಬ್ಯಾಗ್ ಮತ್ತು ಸ್ಟೀರಿಂಗ್ ಬಿಚ್ಚುವಾಗ ನಾನು ಪಾಲಿಸುವ ಕ್ರಮ

ಕಾರಿನ ಸ್ಟೀರಿಂಗ್ ಬಿಚ್ಚುವುದು ಹಿಂದೆ ಗ್ಯಾರೇಜಿನಲ್ಲಿ ಸಣ್ಣ ಕೆಲಸವಾಗಿತ್ತು. ಹಾರ್ನ್ ಪ್ಯಾಡ್ ಕಿತ್ತು, ನಡುವಿನ ನಟ್ ತೆಗೆದು, ಎರಡೂ ಕೈಯಲ್ಲಿ ಅಲ್ಲಾಡಿಸಿದರೆ ಕೈಗೆ ಬರುತ್ತಿತ್ತು. ಈಗ ಅದೇ ಹಾರ್ನ್ ಪ್ಯಾಡಿನ ಒಳಗೆ ಏರ್‌ಬ್ಯಾಗ್ ಇರುತ್ತದೆ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಹಾಗಾಗಿ ನನ್ನಂಥವರ ಸಣ್ಣ ಗ್ಯಾರೇಜಿಗೂ ಈ ಕೆಲಸ ಬರುತ್ತಲೇ ಇರುತ್ತದೆ. ಕೆಲವರು ಇದನ್ನು ಮುಟ್ಟುವುದಕ್ಕೇ ಹೆದರುತ್ತಾರೆ. ಇನ್ನು ಕೆಲವರು ಹಳೇ ಗಾಡಿಯ ಹಾಗೆ ಸುತ್ತಿಗೆ ಹಿಡಿದು ಕೂರುತ್ತಾರೆ. ಎರಡೂ ಬೇಡ.

ಇಲ್ಲಿ ಹೇಳುತ್ತಿರುವುದು ಇತ್ತೀಚೆಗೆ ತುಮಕೂರಿನ ನನ್ನ ಗ್ಯಾರೇಜಿಗೆ ಬಂದ ಒಂದು ಟೊಯೋಟಾ ಕೊರೊಲಾ ಆಲ್ಟಿಸ್ ಬಗ್ಗೆ. ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿ, 2008ರಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್. ಗಾಡಿ ನಿವೃತ್ತ ಮೇಷ್ಟ್ರೊಬ್ಬರದು. ಇಷ್ಟು ವರ್ಷದ ಬಿಸಿಲು, ಕೈಬೆವರಿಗೆ ಸ್ಟೀರಿಂಗ್ ಮೇಲಿನ ಲೆದರ್ ಸವೆದು ಸಿಪ್ಪೆ ಏಳುತ್ತಿತ್ತು. ಹೊಸ ಲೆದರ್ ಹೊಲಿಸಬೇಕಿತ್ತು. ಸ್ಟೀರಿಂಗ್ ಬಿಚ್ಚಿ ಕೊಟ್ಟರೆ ಮಾತ್ರ ಹೊಲಿಗೆ ನೀಟಾಗಿ ಕೂರುತ್ತದೆ ಅಂತ ಕುಶನ್ ಕೆಲಸದವರು ಹೇಳಿ ಕಳಿಸಿದ್ದರು.

"ಬಿಚ್ಚುವಾಗ ಸಿಡಿಯೋದಿಲ್ಲ ತಾನೇನಪ್ಪಾ?" ಅಂತ ಮೇಷ್ಟ್ರು ಕೇಳಿದರು.

"ಕ್ರಮವಾಗಿ ಮಾಡಿದರೆ ಸಿಡಿಯೋದಿಲ್ಲ ಮೇಷ್ಟ್ರೇ" ಅಂದೆ. ಆದರೆ ನನ್ನ ತಲೆಯಲ್ಲಿ ಯಾವಾಗಲೂ ಇರುವುದು ಇನ್ನೊಂದು ಪ್ರಶ್ನೆ. ಎಲ್ಲ ವಾಪಸ್ ಹಾಕಿದ ಮೇಲೆ, ದೇವರು ಹಾಗೆ ಮಾಡದಿರಲಿ, ಗಾಡಿ ಎಲ್ಲಾದರೂ ಗುದ್ದಿದರೆ ಆಗ ಅದು ಸಿಡಿಯುತ್ತದಾ? ಅದಕ್ಕೆ ಹೌದು ಅಂತ ಹೇಳಲು ಆಗದಿದ್ದರೆ ಕೆಲಸ ಮುಗಿದಿಲ್ಲ ಅಂತಲೇ ನನ್ನ ಲೆಕ್ಕ.

ಮೊದಲು ಆ ಪ್ಯಾಡಿನ ಒಳಗೆ ಏನಿದೆ ಅಂತ ತಿಳಿದಿರಬೇಕು. ಮಡಚಿಟ್ಟ ಬಟ್ಟೆಯ ಚೀಲ, ಅದರ ಹಿಂದೆ ಲೋಹದ ಡಬ್ಬಿ. ಡಬ್ಬಿಯಲ್ಲಿ ಉರಿದು ಗ್ಯಾಸ್ ಆಗುವ ರಾಸಾಯನಿಕ, ಅದಕ್ಕೆ ಕಿಡಿ ಹೊತ್ತಿಸುವ ಸಣ್ಣ ತಂತಿ. ಆ ತಂತಿಯ ರೆಸಿಸ್ಟೆನ್ಸ್ ಸುಮಾರು 2 ಓಮ್. ಅದರಲ್ಲಿ ಒಂದು ಆಂಪಿಯರ್‌ಗಿಂತ ಸ್ವಲ್ಪ ಹೆಚ್ಚು ಕರೆಂಟ್ ಒಂದೆರಡು ಮಿಲಿಸೆಕೆಂಡ್ ಹರಿದರೂ ಸಾಕು, ಕಣ್ಣು ಮಿಟುಕಿಸುವುದರೊಳಗೆ ಚೀಲ ಪೂರ್ತಿ ಉಬ್ಬಿರುತ್ತದೆ. ಈ ಕರೆಂಟನ್ನು ಕಳಿಸುವುದು ಏರ್‌ಬ್ಯಾಗಿನ ಕಂಟ್ರೋಲ್ ಯೂನಿಟ್. ಗುದ್ದಿದ ಏಟಿಗೆ ಬ್ಯಾಟರಿ ವೈರ್ ತುಂಡಾದರೂ ಚೀಲ ತೆರೆಯಬೇಕಲ್ವಾ? ಅದಕ್ಕೆ ಆ ಯೂನಿಟ್ಟಿನ ಕೆಪಾಸಿಟರ್‌ನಲ್ಲಿ ಸ್ವಲ್ಪ ಕರೆಂಟ್ ಸದಾ ತುಂಬಿಟ್ಟಿರುತ್ತದೆ. ಅಂದರೆ ಬ್ಯಾಟರಿ ತೆಗೆದ ಕೂಡಲೇ ಏರ್‌ಬ್ಯಾಗ್ ಸತ್ತಿತು ಅಂತ ಅಂದುಕೊಳ್ಳುವ ಹಾಗಿಲ್ಲ.

ಮುಂದಿನ ಚಕ್ರಗಳನ್ನು ನೇರ ಮಾಡಿ, ಇಗ್ನಿಷನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡೆ. 10ರ ಸ್ಪ್ಯಾನರ್‌ನಲ್ಲಿ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಟರ್ಮಿನಲ್ಲಿಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿದೆ. ಬಟ್ಟೆ ಸುತ್ತದೆ ಹಾಗೇ ಬಿಟ್ಟರೆ ಬಾನೆಟ್ ಕೆಳಗೆ ಯಾರಾದರೂ ಕೈಯಾಡಿಸುವಾಗ ಮತ್ತೆ ತಗಲುವುದುಂಟು. ಟೊಯೋಟಾ ಮ್ಯಾನ್ಯುವಲ್ ಪ್ರಕಾರ ಇದಾದ ಮೇಲೆ ಕನಿಷ್ಠ 90 ಸೆಕೆಂಡ್ ಕಾಯಬೇಕು. ನಾನು ಗಡಿಯಾರ ನೋಡಿ ಹತ್ತು ನಿಮಿಷ ಬಿಡುತ್ತೇನೆ, ಆ ಹೊತ್ತಿನಲ್ಲಿ ಟೀ ಆಗುತ್ತದೆ. ಕೆಲವರು ಬ್ಯಾಟರಿ ತೆಗೆದು ಹಾರ್ನ್ ಒತ್ತಿ 'ಕರೆಂಟ್ ಖಾಲಿ ಆಯ್ತು' ಅನ್ನುತ್ತಾರೆ. ಹಾರ್ನ್ ಲೈನೇ ಬೇರೆ, ಏರ್‌ಬ್ಯಾಗ್ ಕೆಪಾಸಿಟರೇ ಬೇರೆ. ಹಾರ್ನ್ ಒತ್ತಿದ್ದನ್ನು ನಂಬಿ ಕೈ ಹಾಕಬಾರದು. ಕಾಯುವುದು ಒಂದೇ ದಾರಿ.

ಕೈ ಹಾಕುವ ಮುಂಚೆ ಗಾಡಿಯ ಬಾಡಿಯ ಲೋಹವನ್ನು ಒಮ್ಮೆ ಮುಟ್ಟುತ್ತೇನೆ. ಮೈಮೇಲಿನ ಸ್ಟ್ಯಾಟಿಕ್ ಅಲ್ಲೇ ಇಳಿದುಹೋಗುತ್ತದೆ. ಕೂರುವುದೂ ಅಷ್ಟೇ, ಪ್ಯಾಡಿಗೆ ಎದೆ ಕೊಟ್ಟು ಕೂರುವುದಿಲ್ಲ. ಒಂದು ಪಕ್ಕಕ್ಕೆ ಸರಿದು, ಮುಖ ದೂರ ಇಟ್ಟು ಕೈ ಚಾಚಿ ಕೆಲಸ ಮಾಡುತ್ತೇನೆ. ಆಲ್ಟಿಸ್‌ನಲ್ಲಿ ಸ್ಟೀರಿಂಗಿನ ಎರಡೂ ಬದಿಗೆ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಇದೆ. ಅದನ್ನು ಎಬ್ಬಿಸಿದರೆ ಒಳಗೆ ಒಂದೊಂದು ಸ್ಟಾರ್ ಸ್ಕ್ರೂ. ಅದಕ್ಕೆ ಆರು ಮೂಲೆಯ ನಕ್ಷತ್ರದಂತಿರುವ ಟಿ30 ಬಿಟ್ ಬೇಕು. ಅಳತೆಗೆ ಹತ್ತಿರದ ಅಲೆನ್ ಕೀ ತುರುಕಿದರೆ ತಲೆ ಸವೆಯುತ್ತದೆ, ಆಮೇಲೆ ಡ್ರಿಲ್ ಹಾಕಬೇಕಾಗುತ್ತದೆ. ಏರ್‌ಬ್ಯಾಗ್ ಪಕ್ಕ ಡ್ರಿಲ್ ಅಂದರೆ ಯೋಚಿಸಿ. ಸ್ಕ್ರೂವನ್ನು ಪೂರ್ತಿ ಹೊರಗೆ ತೆಗೆಯುವ ಅಗತ್ಯವಿಲ್ಲ. ಸ್ಕ್ರೂ ಸುತ್ತ ಕೊರೆದಿರುವ ತೋಡು ಅದು ಕೂರುವ ಗೂಡಿನ ಅಂಚಿಗೆ ಸಿಕ್ಕಿಕೊಳ್ಳುವವರೆಗೆ ಸಡಿಲಿಸಿದರೆ ಸಾಕು, ಪ್ಯಾಡ್ ಬಿಟ್ಟುಕೊಳ್ಳುತ್ತದೆ.

ಪ್ಯಾಡನ್ನು ನಿಧಾನಕ್ಕೆ ಎತ್ತಿದರೆ ಹಿಂದೆ ಹಳದಿ ಕನೆಕ್ಟರ್ ಕಾಣುತ್ತದೆ. ಯಾವ ಕಂಪನಿಯ ಗಾಡಿಯಾದರೂ ಏರ್‌ಬ್ಯಾಗಿನ ಕನೆಕ್ಟರ್ ಸಾಮಾನ್ಯವಾಗಿ ಹಳದಿಯೇ. ವೈರ್ ಹಿಡಿದು ಎಳೆಯಬಾರದು. ನಡುವೆ ಒಂದು ಲಾಕ್ ಇರುತ್ತದೆ. ತೆಳ್ಳನೆಯ ಸ್ಕ್ರೂ ಡ್ರೈವರ್ ತುದಿಯಿಂದ ಅದನ್ನು ಮೇಲೆತ್ತಿದರೆ ಕನೆಕ್ಟರ್ ಸಲೀಸಾಗಿ ಬರುತ್ತದೆ. ಬಿಡಿಸಿದ ತಕ್ಷಣ ಒಳಗಿನ ಒಂದು ಪುಟ್ಟ ಪಟ್ಟಿ ಎರಡು ಪಿನ್‌ಗಳನ್ನು ಒಂದಕ್ಕೊಂದು ಸೇರಿಸಿಬಿಡುತ್ತದೆ. ಸ್ಟ್ಯಾಟಿಕ್‌ನಿಂದ ಕಿಡಿ ಹೊತ್ತದ ಹಾಗೆ ಇದು ಕಾಪಾಡುತ್ತದೆ. ಹಾರ್ನ್ ವೈರನ್ನೂ ಬಿಡಿಸಿ ಪ್ಯಾಡ್ ಹೊರಗೆ ತಂದೆ.

ಪ್ಯಾಡನ್ನು ಹಿಡಿದು ನಡೆಯುವಾಗ ಅದರ ಮುಖ ನನ್ನ ಮೈಯಿಂದ ಆಚೆಗೆ ಇರಬೇಕು. ಟೇಬಲ್ ಮೇಲೆ ಇಡುವಾಗ ಮುಖ ಮೇಲಕ್ಕೆ ಇರಬೇಕು. ನಮ್ಮ ಹುಡುಗ ಅದನ್ನು ಇಸಿದುಕೊಂಡು ಮಗುಚಿ ಇಡಲು ಹೋದ. "ಮುಖಕ್ಕೆ ಗೀರು ಬೀಳುತ್ತೆ ಅಲ್ವಾ ಅಣ್ಣಾ, ಕೆಳಗೆ ಬಟ್ಟೆ ಹಾಸಿದೀನಿ" ಅಂದ. ಅವನು ಹೇಳಿದ್ದು ಬೇರೆ ಯಾವ ಸಾಮಾನಿಗಾದರೂ ಸರಿಯೇ. ಆದರೆ ಮಗುಚಿಟ್ಟ ಏರ್‌ಬ್ಯಾಗ್ ಏನಾದರೂ ಸಿಡಿದರೆ ಚೀಲ ಟೇಬಲ್ಲನ್ನು ಒದ್ದು, ಹಿಂದಿನ ಲೋಹದ ಡಬ್ಬಿ ಸೂರಿಗೆ ಹಾರುತ್ತದೆ. ನಡುವೆ ಯಾರ ತಲೆ ಇದ್ದರೂ ಮುಗಿಯಿತು. ಮುಖ ಮೇಲಿದ್ದರೆ ಬಟ್ಟೆಯ ಚೀಲ ಮಾತ್ರ ಮೇಲಕ್ಕೆ ಬಿಚ್ಚಿಕೊಳ್ಳುತ್ತದೆ. ಇದನ್ನು ಹುಡುಗನಿಗೆ ನಿಂತು ವಿವರಿಸಿದೆ. ಕಾರಣ ಗೊತ್ತಾದರೆ ಅವನು ಇನ್ನು ಮರೆಯುವುದಿಲ್ಲ. ಆಮೇಲೆ ಪ್ಯಾಡನ್ನು ಒಳಗಿನ ಕೋಣೆಯಲ್ಲಿಟ್ಟು ಬೀಗ ಹಾಕಿದೆ. ಮೇಲೆ ಏನನ್ನೂ ಹೇರುವಂತಿಲ್ಲ. ಬಿಸಿಲು, ನೀರು, ಆಯಿಲ್, ವೆಲ್ಡಿಂಗ್ ಹತ್ತಿರ ಬರಬಾರದು. 93 ಡಿಗ್ರಿ ಮೀರದ ಜಾಗದಲ್ಲಿಡಿ ಅಂತ ಮ್ಯಾನ್ಯುವಲ್ ಹೇಳುತ್ತದೆ.

ಮಲ್ಟಿಮೀಟರ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. 'ಪ್ಯಾಡ್ ಸರಿ ಇದೆಯಾ ಅಂತ ಒಮ್ಮೆ ಓಮ್ ನೋಡೋಣ' ಅಂತ ಕೆಲವರಿಗೆ ಆಸೆ ಬರುತ್ತದೆ. ದಯವಿಟ್ಟು ಬೇಡ. ಓಮ್ ಅಳೆಯುವಾಗ ಮೀಟರ್ ತಾನೇ ಆ ತಂತಿಗೆ ಕರೆಂಟ್ ಬಿಡುತ್ತದೆ. ಏರ್‌ಬ್ಯಾಗಿನ ತಪಾಸಣೆ ಏನಿದ್ದರೂ ಗಾಡಿಯ ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ, ಎಲ್ಲ ಜೋಡಿಸಿದ ಮೇಲೆ.

ಇನ್ನು ಸ್ಟೀರಿಂಗ್. ನಡುವಿನದು 19ರ ನಟ್. ಸಡಿಲಿಸುವಾಗ ಹುಡುಗ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡ. ಸ್ಟೀರಿಂಗ್ ಲಾಕ್ ಇದೆಯಲ್ಲ ಅಂತ ಅದರ ಮೇಲೇ ಬಲ ಹಾಕಿದರೆ ಲಾಕ್ ಹಾಳಾಗುತ್ತದೆ. ನಟ್ಟನ್ನು ಪೂರ್ತಿ ತೆಗೆಯದೆ ಮೂರು ನಾಲ್ಕು ಥ್ರೆಡ್ ಉಳಿಸಿದೆ. ಸ್ಟೀರಿಂಗ್ ಒಮ್ಮೆಲೇ ಕಿತ್ತು ಬಂದರೆ ಮೂಗಿಗೆ ಬಡಿಯದೆ ಆ ನಟ್ಟಿಗೆ ತಡೆದು ನಿಲ್ಲುತ್ತದೆ. ಆಮೇಲೆ ಬಿಳಿ ಪೇಂಟ್ ಪೆನ್ನಿನಲ್ಲಿ ಶಾಫ್ಟ್ ಮೇಲೂ ಸ್ಟೀರಿಂಗ್ ಮೇಲೂ ಸೇರುವ ಹಾಗೆ ಒಂದೇ ಗೆರೆ ಎಳೆದೆ. ವಾಪಸ್ ಕೂರಿಸುವಾಗ ಒಂದು ಹಲ್ಲು ಆಚೀಚೆ ಆದರೂ ಗಾಡಿ ನೇರ ಹೋಗುತ್ತಿರುವಾಗ ಸ್ಟೀರಿಂಗ್ ಸೊಟ್ಟಗೆ ಕಾಣುತ್ತದೆ.

ಇಲ್ಲಿ ಪುಲ್ಲರ್ ಬೇಕೇ ಬೇಕು. ಅದರ ಎರಡು ಬೋಲ್ಟ್ ಸ್ಟೀರಿಂಗಿನ ಎರಡು ತೂತಿಗೆ ಹಾಕಿ, ನಡುವಿನ ತಿರುಪನ್ನು ಶಾಫ್ಟ್ ತುದಿಗೆ ಕೊಟ್ಟು ಬಿಗಿಸುತ್ತಾ ಬಂದರೆ ಟಕ್ ಅಂತ ಬಿಡುತ್ತದೆ. ಶಾಫ್ಟ್ ಮೇಲೆ ಸುತ್ತಿಗೆಯಲ್ಲಿ ಬಡಿಯುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಸ್ಟೀರಿಂಗ್ ಕಾಲಂ ಅಪಘಾತದಲ್ಲಿ ಒಳಕ್ಕೆ ಕುಸಿಯಬೇಕು, ಡ್ರೈವರ್ ಎದೆಗೆ ಈಟಿಯಂತೆ ನುಗ್ಗಬಾರದು ಅಂತಲೇ ಅದನ್ನು ಹಾಗೆ ಮಾಡಿರುತ್ತಾರೆ. ಸುತ್ತಿಗೆ ಏಟು ಬೀಳುವುದು ಆ ಕುಸಿಯುವ ಭಾಗಕ್ಕೇ. ಹೊರಗಿಂದ ಏನೂ ಕಾಣುವುದಿಲ್ಲ, ಒಳಗೆ ಹಾಳಾಗಿರುತ್ತದೆ.

ಸ್ಟೀರಿಂಗ್ ಕೈಗೆ ಬಂದಾಗ ಅದರ ತೂತಿನಿಂದ ವೈರುಗಳನ್ನು ಒಂದೊಂದಾಗಿ ಹಿಂದಕ್ಕೆ ಬಿಟ್ಟೆ. ಈಗ ಕಾಣುವ ದುಂಡನೆಯ ಪ್ಲಾಸ್ಟಿಕ್ ಭಾಗವೇ ಸ್ಪೈರಲ್ ಕೇಬಲ್. ಬೇರೆ ಕಂಪನಿಯವರು ಕ್ಲಾಕ್ ಸ್ಪ್ರಿಂಗ್ ಅನ್ನುತ್ತಾರೆ. ಇಡೀ ಕೆಲಸದಲ್ಲಿ ಜಾಸ್ತಿ ಜೋಪಾನ ಬೇಕಾದದ್ದು ಇದಕ್ಕೆ. ಒಳಗೆ ಚಪ್ಪಟೆ ರಿಬ್ಬನ್ ವೈರ್ ಅಳತೆ ಟೇಪಿನ ಹಾಗೆ ಸುತ್ತಿಕೊಂಡಿರುತ್ತದೆ. ಸ್ಟೀರಿಂಗ್ ತಿರುಗಿದ ಹಾಗೆ ಅದು ಬಿಚ್ಚಿಕೊಳ್ಳುತ್ತದೆ, ಸುತ್ತಿಕೊಳ್ಳುತ್ತದೆ. ಏರ್‌ಬ್ಯಾಗಿಗೆ ಕರೆಂಟ್ ಹೋಗುವುದು ಈ ರಿಬ್ಬನ್ ಮೂಲಕವೇ. ಅದಕ್ಕೆ ಎರಡೂ ಕಡೆ ಇಷ್ಟೇ ಸುತ್ತು ಅಂತ ಮಿತಿ ಇದೆ. ಸ್ಟೀರಿಂಗ್ ಇಲ್ಲದಾಗ ಯಾರಾದರೂ ಅದನ್ನು ಸುಮ್ನೆ ತಿರುಗಿಸಿಟ್ಟರೆ, ಆಮೇಲೆ ಯೂ ಟರ್ನ್ ಮಾಡುವಾಗ ರಿಬ್ಬನ್ ಸಾಲದೆ ಹರಿಯುತ್ತದೆ. ಇದು ಎಷ್ಟು ಮುಖ್ಯದ ಭಾಗ ಅಂದರೆ, ಈ ಕೇಬಲ್ಲಿನ ಕಾರಣಕ್ಕೇ 2014ರಲ್ಲಿ ಟೊಯೋಟಾ ನಮ್ಮ ದೇಶದಲ್ಲಿ 2005ರಿಂದ 2008ರ ನಡುವೆ ತಯಾರಾದ ಸುಮಾರು 45 ಸಾವಿರ ಇನ್ನೋವಾಗಳನ್ನು ವಾಪಸ್ ಕರೆಸಿತ್ತು.

ಹಾಗಾಗಿ ಸ್ಟೀರಿಂಗ್ ಹೊರಬಂದ ಕೂಡಲೇ ಸ್ಪೈರಲ್ ಕೇಬಲ್ ಅಲುಗಾಡದಂತೆ ಎರಡು ಕಡೆ ಟೇಪ್ ಅಂಟಿಸಿದೆ. ಗಾಡಿಯನ್ನು ತಳ್ಳಬಾರದು, ಮುಂದಿನ ಚಕ್ರ ತಿರುಗಿಸಬಾರದು ಅಂತ ಎಲ್ಲರಿಗೂ ಹೇಳಿದೆ. ಅಕಸ್ಮಾತ್ ಸ್ಪೈರಲ್ ಕೇಬಲ್ ತಿರುಗಿಬಿಟ್ಟರೆ ದಾರಿ ಇದೆ. ಚಕ್ರ ನೇರ ಇರುವಾಗ, ಕೈಯಿಂದಲೇ ಎಡಕ್ಕೆ ಬಿಗಿಯಾಗುವವರೆಗೆ ಮೃದುವಾಗಿ ತಿರುಗಿಸಬೇಕು. ಅಲ್ಲಿಂದ ಬಲಕ್ಕೆ ಸುಮಾರು ಎರಡೂವರೆ ಸುತ್ತು ತಂದು ಕೇಬಲ್ ಮೇಲಿನ ಗುರುತುಗಳನ್ನು ಸೇರಿಸಬೇಕು. ಈ ಎರಡೂವರೆ ಈ ಗಾಡಿಯ ಲೆಕ್ಕ. ಬೇರೆ ಗಾಡಿಗೆ ಅದರದೇ ಮ್ಯಾನ್ಯುವಲ್ ನೋಡಬೇಕು.

ಕುಶನ್ ಕೆಲಸದವರಿಗೆ ಸ್ಟೀರಿಂಗ್ ಮಾತ್ರ ಕೊಟ್ಟೆ. "ಪ್ಯಾಡನ್ನೂ ಕೊಡಿ ಅಣ್ಣಾ, ಅದಕ್ಕೂ ಮ್ಯಾಚಿಂಗ್ ಲೆದರ್ ಅಂಟಿಸಿದರೆ ಚೆನ್ನಾಗಿ ಕಾಣುತ್ತೆ" ಅಂದರು. ಅವರ ಉದ್ದೇಶ ಒಳ್ಳೆಯದೇ, ಆದರೆ ಆಗುವುದಿಲ್ಲ ಅಂದೆ. ಪ್ಯಾಡಿನ ಮುಖ ನೋಡಲು ಒಂದೇ ಹಲಗೆಯಂತೆ ಇದ್ದರೂ, ಒಳಬದಿಯಲ್ಲಿ ಕೆಲವು ಗೆರೆಗಳ ಉದ್ದಕ್ಕೂ ಪ್ಲಾಸ್ಟಿಕ್ ಬೇಕೆಂದೇ ತೆಳ್ಳಗೆ ಮಾಡಿರುತ್ತಾರೆ. ಚೀಲ ಉಬ್ಬುವಾಗ ಮುಖ ಅದೇ ಗೆರೆಯಲ್ಲಿ ಸೀಳಿ, ಬಾಗಿಲು ತೆರೆದ ಹಾಗೆ ಪಕ್ಕಕ್ಕೆ ಸರಿಯಬೇಕು. ಮೇಲೆ ಲೆದರ್ ಅಂಟಿಸಿದರೆ ಆ ಗೆರೆ ಹೊತ್ತಿಗೆ ಸರಿಯಾಗಿ ಸೀಳುವುದಿಲ್ಲ, ಇಲ್ಲವೇ ಇನ್ನೆಲ್ಲೋ ಸೀಳುತ್ತದೆ. ಕಲ್ಲು ಕೂರಿಸಿದ ಲೋಗೋ, ಲೋಹದ ಸ್ಟಿಕ್ಕರ್ ಅಂಟಿಸಿಕೊಂಡು ಬರುವವರಿಗೂ ನಾನು ಇದನ್ನೇ ಹೇಳುತ್ತೇನೆ. ಚೀಲ ತೆರೆದ ಕ್ಷಣ ಅವು ಕಣ್ಣಿಗೆ ಬಂದು ಬಡಿಯುತ್ತವೆ. ಡ್ಯಾಶ್‌ಬೋರ್ಡಿನ ಎಡಗಡೆ ಏರ್‌ಬ್ಯಾಗ್ ಗುರುತಿನ ಮೇಲೆಯೇ ಗಣಪತಿ ವಿಗ್ರಹ ಅಂಟಿಸಿರುತ್ತಾರೆ. ಭಕ್ತಿಯಿಂದಲೇ ಇಟ್ಟಿರುತ್ತಾರೆ, ಸ್ವಲ್ಪ ನಡುವಿಗೆ ಸರಿಸಿ ಇಡಿ ಅಂತ ಕೇಳಿಕೊಳ್ಳುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.

ಲೆದರ್ ಚೆನ್ನಾಗಿ ಕೂತು ಬಂತು. ಪ್ಯಾಡ್ ಕೂರುವ ಅಂಚಿನಲ್ಲಿ ಹೊಲಿಗೆ ದಪ್ಪ ಆಗಿಲ್ಲ ಅಂತ ಬೆರಳಾಡಿಸಿ ನೋಡಿದೆ. ಅಲ್ಲಿ ದಪ್ಪವಾದರೆ ಹಾರ್ನ್ ಒತ್ತಿದ್ದು ಹಾಗೇ ಸಿಕ್ಕಿಕೊಳ್ಳುತ್ತದೆ. ಜೋಡಿಸುವುದು ತಿರುಗಿದ ಕ್ರಮದಲ್ಲಿ. ಬಿಳಿ ಗೆರೆ ಸೇರಿಸಿ ಸ್ಟೀರಿಂಗ್ ಕೂರಿಸಿ, ನಟ್ಟಿಗೆ ಬಿಗಿಸುವ ಬಲ ಅಳೆಯುವ ಟಾರ್ಕ್ ರೆಂಚಿನಲ್ಲಿ 50 ನ್ಯೂಟನ್ ಮೀಟರ್. ಪ್ಯಾಡಿನ ಎರಡು ಸ್ಕ್ರೂಗಳಿಗೆ 8.8 ಮಾತ್ರ, ಅವು ಸಣ್ಣವು. ಹಳದಿ ಕನೆಕ್ಟರ್ ಒತ್ತಿ, ಲಾಕ್ ಕೆಳಗೆ ಕೂತ ಸದ್ದು ಕೇಳಿಸಿಕೊಂಡೆ. ವೈರ್ ಎಲ್ಲೂ ಪ್ಯಾಡಿನ ಕೆಳಗೆ ಸಿಕ್ಕಿಕೊಂಡಿಲ್ಲ ಅಂತ ಟಾರ್ಚ್ ಬಿಟ್ಟು ನೋಡಿದೆ. ಬ್ಯಾಟರಿ ಕೊನೆಗೆ. ಆಗ ಗಾಡಿಯೊಳಗೆ ಯಾರೂ ಇರಬಾರದು. ಕೀ ಆನ್ ಮಾಡುವಾಗಲೂ ಬಾಗಿಲ ಹೊರಗೆ ನಿಂತು ಪಕ್ಕದಿಂದ ಕೈ ಚಾಚುತ್ತೇನೆ.

ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿತು, ಸುಮಾರು ಆರು ಸೆಕೆಂಡಿಗೆ ಆರಿತು. ಹೀಗೆಯೇ ಆಗಬೇಕು. ಸ್ಟೀರಿಂಗನ್ನು ಎರಡೂ ಕೊನೆಯವರೆಗೆ ತಿರುಗಿಸಿದೆ, ದೀಪ ಮತ್ತೆ ಹತ್ತಲಿಲ್ಲ. ಹಾರ್ನ್ ಸರಿ. ಇಂಡಿಕೇಟರ್ ತಿರುವಿನ ನಂತರ ತಾನಾಗಿ ಆಫ್ ಆಗುತ್ತಿದೆ. ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆದು ಸ್ಟೀರಿಂಗ್ ನೇರ ಇದೆ ಅಂತ ಖಾತ್ರಿ ಮಾಡಿಕೊಂಡು ಮೇಷ್ಟ್ರಿಗೆ ಕೀ ಕೊಟ್ಟೆ.

ದೀಪ ಆರದಿದ್ದರೆ ಗಾಡಿ ಕೊಡುವಂತಿಲ್ಲ. ಸ್ಕ್ಯಾನರ್ ಹಾಕಿ ಕೋಡ್ ಓದಿ ಕಾರಣ ಹುಡುಕಬೇಕು. ಆದರೆ ಕೆಲವು ಕಡೆ ಏರ್‌ಬ್ಯಾಗ್ ಜಾಗಕ್ಕೆ 2 ಓಮಿನ ರೆಸಿಸ್ಟರ್ ಕೂರಿಸಿ ದೀಪ ಆರಿಸುತ್ತಾರೆ. ಕಂಟ್ರೋಲ್ ಯೂನಿಟ್ ಏರ್‌ಬ್ಯಾಗ್ ಇದೆ ಅಂತಲೇ ತಿಳಿಯುತ್ತದೆ, ಗಾಡಿ ಓಡಿಸುವವರೂ ಹಾಗೇ ನಂಬುತ್ತಾರೆ. ಇದು ಸೀದಾ ಮೋಸ, ಜೀವದ ಜೊತೆ ಆಟ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಕೀ ಆನ್ ಮಾಡಿ ಆ ದೀಪವನ್ನೇ ನೋಡಿ. ಹತ್ತಿ ಆರಬೇಕು. ಆರದಿದ್ದರೆ ತೊಂದರೆ, ಹತ್ತದೇ ಇದ್ದರೆ ಯಾರೋ ಅದನ್ನು ಮುಚ್ಚಿಟ್ಟಿರಬಹುದು. ಹತ್ತಿ ಆರಿದರೂ ರೆಸಿಸ್ಟರ್ ಇರುವ ಸಾಧ್ಯತೆ ಇದೆ. ಗುದ್ದಿದ ಇತಿಹಾಸ ಇರುವ ಗಾಡಿಯಾದರೆ ಪ್ಯಾಡ್ ಬಿಚ್ಚಿಸಿ ನೋಡುವುದೇ ಒಳ್ಳೆಯದು.

ಗುಜರಿಯಿಂದ ಹಳೇ ಪ್ಯಾಡ್ ತಂದು 'ಇದನ್ನೇ ಹಾಕಿಕೊಡಿ' ಅನ್ನುವವರೂ ಇದ್ದಾರೆ. ನಾನು ಹಾಕುವುದಿಲ್ಲ. ತಕಾಟ ಕಂಪನಿಯ ಏರ್‌ಬ್ಯಾಗುಗಳ ವಿಷಯ ಎಲ್ಲರೂ ಕೇಳಿರುತ್ತೀರಿ. ಅವುಗಳಲ್ಲಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಖೆ, ತೇವಕ್ಕೆ ಕೆಟ್ಟು, ಸಿಡಿದಾಗ ಲೋಹದ ಡಬ್ಬಿಯೇ ಒಡೆದು ಚೂರುಗಳು ಜನರಿಗೆ ಹೊಕ್ಕವು. ಗುಜರಿಯ ಪ್ಯಾಡ್ ಎಷ್ಟು ಮಳೆ, ಎಷ್ಟು ಬಿಸಿಲು ಕಂಡಿದೆ ಅಂತ ಹೊರಗಿಂದ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಪ್ಯಾಡ್ ಬೇಕೇ ಬೇಕಾದರೆ ಚಾಸಿಸ್ ನಂಬರ್ ಕೊಟ್ಟು ಹೊಸದನ್ನೇ ತರಿಸುತ್ತೇನೆ. ಬರುವುದು ತಡವಾದರೆ ಅಲ್ಲಿಯವರೆಗೆ ಗಾಡಿ ನಮ್ಮ ಶೆಡ್ಡಿನಲ್ಲೇ ನಿಲ್ಲುತ್ತದೆ.